ಶಿಲುಬೆಯ ಮಲೆಯಲ್ಲಿ ಎರಡು ದಿನ

ಮೂವತ್ತೈದು ವರ್ಷಗಳ ಕಾಲ ಪಾಠಶಾಲೆಯ ಗಂಟೆಗೆ ಕಿವಿಗೊಟ್ಟು ಬಾಳಿದ ನಮಗೆ, ನಿವೃತ್ತಿಯಾದ ಮೇಲೆ ದಿನಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲವೆಂಬಂತಾಗಿದ್ದಿತು. ಸಂಧ್ಯಾವಂದನೆಯೇನೋ ನಿಂತಿರಲಿಲ್ಲ, ಆದರೆ ಅರ್ಘ್ಯವನ್ನು ಕೊಡುತ್ತಿರುವಾಗಲೇ ಮನಸ್ಸು ವೃತ್ತಪತ್ರಿಕೆಯ ಕಡೆಗೆ ಓಡುತ್ತಿದ್ದಿತು. ಹೀಗಿರಲು, ಕೋಟ್ಟಯಂನಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ಶಿಷ್ಯನೊಬ್ಬನು, “ಮೇಷ್ಟ್ರೇ, ಇಲ್ಲಿಗೆ ದಯಮಾಡಿಸಿದರೆ ಗಂಟೆಯಂತೆ ಬಾಳುವ ಸನ್ಯಾಸಿಗಳನ್ನು ತೋರಿಸುತ್ತೇನೆ” ಎಂದು ಕಾಗದ ಬರೆದನು. ಹೊರಟೆವು.

ಕೋಟ್ಟಯಂನಿಂದ ಈರಾಟ್ಟುಪೇಟೆಯ ಮಾರ್ಗವಾಗಿ ಬಸ್ಸು ವಾಗಮಣ್ ಬೆಟ್ಟಗಳನ್ನು ಏರುವುದು. ರಬ್ಬರಿನ ತೋಟಗಳು ಕೆಳಗುಳಿದು, ಬಂಡೆಗಳನ್ನು ದಾಟಿದೊಡನೆ ಹಸುರು ಹುಲ್ಲಿನ ಗುಡ್ಡಗಳು ಒಂದರ ಹಿಂದೊಂದು ಕಾಣುವುವು. ಅಲ್ಲಿ ಮುರುಗನ್ ಮಲೆಯು ಹಿಂದೂಗಳಿಗೂ, ತಂಙಳ್ ಪಾರೆಯು ಮುಸಲ್ಮಾನರಿಗೂ, ಕುರಿಶುಮಲೆಯು ಕ್ರೈಸ್ತರಿಗೂ ಪವಿತ್ರವಾದವು. ಮಲೆಯಾಳದಲ್ಲಿ ‘ಕುರಿಶು’ ಎಂದರೆ ಶಿಲುಬೆ. ‘ಮಲ’ ಎಂಬುದು ನಮ್ಮ ಮಲೆಯೇ.

ಕುರಿಶುಮಲೆಯ ಆಶ್ರಮವನ್ನು 1958ರಲ್ಲಿ ಬೆಲ್ಜಿಯಂ ದೇಶದ ಫ್ರಾನ್ಸಿಸ್ ಮಾಹ್ಯೂ ಎಂಬವರು ಸ್ಥಾಪಿಸಿದರು. ಮುಂದೆ ಅವರು ಫ್ರಾನ್ಸಿಸ್ ಆಚಾರ್ಯರೆಂದೇ ಪ್ರಸಿದ್ಧರಾಗಿ, 2002ರಲ್ಲಿ ದಿವಂಗತರಾದರು. ಅವರಿಗೆ ಜೊತೆಯಾದವರು ಬೀಡ್ ಗ್ರಿಫಿತ್ಸ್ ಎಂಬ ಆಂಗ್ಲ ಸನ್ಯಾಸಿಗಳು. ಇವರು ಅದಕ್ಕೆ ಮುನ್ನ ನಮ್ಮ ಬೆಂಗಳೂರಿನ ಕೆಂಗೇರಿಯಲ್ಲಿ ನೆಲಸಿದ್ದರೆಂದು ತಿಳಿದು ಸಂತೋಷವಾಯಿತು. 1998ರಲ್ಲಿ ಆಶ್ರಮವು ಸಿಸ್ಟರ್ಸಿಯನ್ ಸಂಪ್ರದಾಯಕ್ಕೆ ಸೇರಿತು. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು 73 ಅಧ್ಯಾಯಗಳಲ್ಲಿ ರಚಿಸಿದ ನಿಯಮಗ್ರಂಥವೇ ಈ ಸಂಪ್ರದಾಯಕ್ಕೆ ಆಧಾರ.

ಕಾವಿಯುಟ್ಟ ಸನ್ಯಾಸಿಯೊಬ್ಬರು ನಮ್ಮನ್ನು ಕೈಮುಗಿದು ಬರಮಾಡಿಕೊಂಡರು. ಅತಿಥಿಯನ್ನು ಕ್ರಿಸ್ತನೆಂದೇ ಭಾವಿಸಬೇಕೆಂಬುದು ಅವರ ನಿಯಮ. ‘ಅತಿಥಿದೇವೋ ಭವ’ ಎಂದು ಮಕ್ಕಳಿಗೆ ಪಾಠ ಹೇಳಿದ ನಮಗೆ ಅದರ ಅರ್ಥವನ್ನು ಬೇರೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವರ ಪ್ರಾರ್ಥನೆಯು ಪ್ರಾಚೀನ ಸಿರಿಯಾಕ್ ಪದ್ಧತಿಯದು. ಈ ಪದ್ಧತಿಯಲ್ಲಿ ದಿನವೆಂಬುದು ಸಂಜೆಯಿಂದ ಆರಂಭ. ಸಂಜೆಯದು ರಂಶೋ, ಮಲಗುವ ಮುನ್ನ ಸುತ್ತೋರೋ, ಇರುಳಿನದು ಲಿಲ್ಯೋ, ಬೆಳಗಿನದು ಸಪ್ರೋ. ಅನಂತರ ಹಗಲಿನ ಮೂರನೆಯ, ಆರನೆಯ ಮತ್ತು ಒಂಬತ್ತನೆಯ ಗಳಿಗೆಗಳ ಪ್ರಾರ್ಥನೆಗಳು. ಹೀಗೆ ಒಟ್ಟು ಏಳು. ನಸುಕಿಗೆ ಬಹಳ ಮುಂಚೆಯೇ ಗಂಟೆಯಾಯಿತು. ಹೊರಗೆ ಮಂಜು ಕವಿದಿದ್ದಿತು. ಒಳಗೆ ದೀಪದ ಮುಂದೆ ನೆಲದ ಮೇಲೆ ಕುಳಿತು ಅವರು ಎಳೆದೆಳೆದು ಹಾಡುತ್ತಿದ್ದರು. ಮಾತು ತಿಳಿಯಲಿಲ್ಲ, ಆದರೆ ಯಾರಿಗೂ ಅವಸರವಿಲ್ಲವೆಂಬುದು ತಿಳಿಯಿತು.

ಒಂದು ಮಾತನ್ನು ಮುಚ್ಚಿಡಬಾರದು. ಊಟದ ಪಂಕ್ತಿಯಲ್ಲಿ ಕುಳಿತುಕೊಳ್ಳಲು ನಾವು ಕ್ಷಣಕಾಲ ಹಿಂದೆಗೆದೆವು. ನಮ್ಮ ತಂದೆಯವರು ಕಂಡಿದ್ದರೆ ಏನೆನ್ನುತ್ತಿದ್ದರೋ! ಊಟವು ಶುದ್ಧ ಶಾಕಾಹಾರ. ಒಬ್ಬರು ಗ್ರಂಥವನ್ನೋದುತ್ತಿದ್ದರು, ಉಳಿದವರು ಮೌನವಾಗಿ ಉಣ್ಣುತ್ತಿದ್ದರು. ಮೌನಭೋಜನವನ್ನು ನಾವು ಧರ್ಮಶಾಸ್ತ್ರದಲ್ಲಿ ಓದಿದ್ದೆವು. ಆಚರಣೆಯಲ್ಲಿ ಕಂಡುದು ಇಲ್ಲಿಯೇ. ನಾಚಿಕೆಯಾಗಿ ಕುಳಿತೆವು.

ಸೋಮಾರಿತನವು ಆತ್ಮಕ್ಕೆ ಶತ್ರುವೆಂದು ಬೆನೆಡಿಕ್ಟರ ಮತ. ಆದುದರಿಂದ ಪ್ರಾರ್ಥನೆಗಳ ನಡುವೆ ಎಲ್ಲರಿಗೂ ಮೈಬಗ್ಗಿಸುವ ಕೆಲಸವುಂಟು. ಬರಿಯ ಹುಲ್ಲು ಬೆಳೆಯುತ್ತಿದ್ದ ಈ ಗುಡ್ಡಗಳಲ್ಲಿ ಅವರು ಜೆರ್ಸಿ ತಳಿಯ ಹಸುಗಳನ್ನು ಸಾಕಿ, ನೆರೆಯ ರೈತರಿಗೂ ಹೈನಿನ ದಾರಿಯನ್ನು ತೋರಿದರು.

ಎರಡನೆಯ ದಿನ ಮಧ್ಯಾಹ್ನ ನಾವು ದನದ ಕೊಟ್ಟಿಗೆಯ ಬಳಿ ನಿಂತಿದ್ದೆವು. ಗಂಟೆಯಾಯಿತು. ಹುಲ್ಲು ಕೊಯ್ಯುತ್ತಿದ್ದವರು ಅರ್ಧ ಕಟ್ಟಿದ ಹೊರೆಯ ಮೇಲೆಯೇ ಕುಡುಗೋಲನ್ನಿಟ್ಟು ನಡೆದರು. ಗಂಟೆ ಕೇಳಿದೊಡನೆ ಕೈಯಲ್ಲಿರುವುದನ್ನು ಬಿಟ್ಟೇಳಬೇಕೆಂಬುದು ನಿಯಮ. ವೃದ್ಧರೊಬ್ಬರು ಮಾತ್ರ ಉಳಿದರು. ಅವರ ಮುಂದೆ ಹಸುವೊಂದು ಈಯುವ ನೋವಿನಲ್ಲಿದ್ದಿತು. ಅವರು ಕೈತೊಳೆದು, ಒಂದು ಕೈಯನ್ನು ಹಸುವಿನ ಬೆನ್ನಿನ ಮೇಲಿರಿಸಿ, ಪೂರ್ವಾಭಿಮುಖವಾಗಿ ನಿಂತು ಕಣ್ಣು ಮುಚ್ಚಿದರು. ಆಮೇಲೆ ನಾವು ಕೇಳಿದುದಕ್ಕೆ, “ಬರಲಾರದವನು ಇದ್ದಲ್ಲಿಯೇ ಮಾಡಬಹುದು, ಸ್ವಾಮಿ. ಹೊತ್ತು ಮಾತ್ರ ಮೀರಬಾರದು” ಎಂದು ನಕ್ಕರು. ಸಂಜೆಗೆ ಕರುವು ಎದ್ದು ನಿಂತಿದ್ದಿತು.

ನೌಕರಿಯಲ್ಲಿದ್ದಾಗ ನಮಗೆ ಬಿಡುವಿಲ್ಲವೆಂದು ಪಾಠಶಾಲೆಯ ಗಂಟೆಯನ್ನು ದೂರುತ್ತಿದ್ದೆವು. ಈಗ ಬಿಡುವು ಬೇಕಾದಷ್ಟಿದ್ದರೂ ಮನಸ್ಸು ನಿಲ್ಲಲಿಲ್ಲ. ಕೊರತೆಯು ಹೊತ್ತಿನದಲ್ಲ, ಕೈಯಲ್ಲಿರುವುದನ್ನು ಕೆಳಗಿಡುವ ಅಭ್ಯಾಸದ್ದೆಂದು ಆ ಕೊಟ್ಟಿಗೆಯಲ್ಲಿ ತಿಳಿಯಿತು. ನಮ್ಮ ಹಿರಿಯರು ತ್ರಿಕಾಲ ಸಂಧ್ಯೆಯನ್ನು ವಿಧಿಸಿದುದೂ ಇದಕ್ಕಾಗಿಯೇ ಇರಬೇಕು. ನಾವು ಮಂತ್ರವನ್ನು ಉಳಿಸಿಕೊಂಡು ಹೊತ್ತನ್ನು ಕಳೆದುಕೊಂಡಿದ್ದೆವು.

ಊರಿಗೆ ಹಿಂದಿರುಗಿದ ದಿನ ಸಂಜೆ ಜಗಲಿಯಲ್ಲಿ ಪತ್ರಿಕೆಯನ್ನು ಓದುತ್ತಿದ್ದೆವು. ಬಿಸಿಲು ತೆಂಗಿನ ತಲೆಗೇರಿತು. ಓದುತ್ತಿದ್ದ ಸಾಲನ್ನು ಅಲ್ಲಿಗೇ ಬಿಟ್ಟು, ಪತ್ರಿಕೆಯನ್ನು ಮಡಿಸಿ ಎದ್ದೆವು. “ಇದೇನು, ಕಾಫಿ ತಂದಿದ್ದೇನಲ್ಲಾ!” ಎಂದರು ನಮ್ಮ ಮನೆಯವರು. “ಆಮೇಲಾಗಲಿ” ಎಂದು ಹೇಳಿ, ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆವು.