ಅರ್ಧ ಗಂಟೆ ಕೂತಿರಿ

ತಿಪಟೂರಿನ ಯಜಮಾನರಿಗೆ ಆ ಸಂಜೆ ರೈಲು ಹಿಡಿಯಬೇಕಿತ್ತು. ರೈಲು ಸಿಗಲಿಲ್ಲ. ಸಿಕ್ಕಿದ್ದರೆ ಈ ಕಥೆಯನ್ನು ನಾನು ಹೀಗೆ ನಗುನಗುತ್ತ ಹೇಳುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಒಬ್ಬ ಅಲರ್ಜಿ ಡಾಕ್ಟರ ಕ್ಲಿನಿಕ್ಕು. ಕೆಳಗೆ ಮೆಡಿಕಲ್ ಸ್ಟೋರು, ಮೇಲೆ ಇವರು. ಆಸ್ತಮಾದವರು ಹತ್ತಲಿ ಎಂದು ಅಂಥ ಕಡಿದಾದ ಮೆಟ್ಟಿಲು ಕಟ್ಟಿಸಿದ ಪುಣ್ಯಾತ್ಮ ಯಾರೋ! ನನ್ನದು ಬೆಳಗಿನ ಸೀನು, ಯಜಮಾನರದು ರಾತ್ರಿಯ ಉಬ್ಬಸ. ಕೊಬ್ಬರಿ ವ್ಯಾಪಾರ, ಬಿಳಿ ಪಂಚೆ, ಊರಿಗೆಲ್ಲ ಕೇಳುವ ದನಿ. ಅವರು ಮಾಡದ ಔಷಧಿಯೇ ಇರಲಿಲ್ಲ. ಮೃಗಶಿರಾ ಮಳೆ ಹೊತ್ತಿಗೆ ಹೈದರಾಬಾದಿಗೆ ಹೋಗಿ ಮೀನಿನ ಮದ್ದಿನ ಕ್ಯೂನಲ್ಲೂ ನಿಂತು ಬಂದಿದ್ದರು. ಶಾಕಾಹಾರಿಗಳಿಗೆ ಮೀನಿನ ಬದಲು ಬೆಲ್ಲದಲ್ಲಿ ಕೊಡುತ್ತಾರಂತೆ. "ಬೆಲ್ಲ ಚೆನ್ನಾಗಿತ್ತು" ಎಂದಷ್ಟೇ ಹೇಳಿದರು.

ಪರಿಚಯವಾದದ್ದು ಟೆಸ್ಟಿನ ದಿನ. ಸಿಸ್ಟರ್ ಮುಂಗೈ ಒರೆಸಿ, ಬಾಲ್ ಪೆನ್ನಿನಲ್ಲಿ ನಂಬರು ಬರೆದು, ಒಂದೊಂದು ನಂಬರಿನ ಪಕ್ಕ ಒಂದೊಂದು ಹನಿ ಬಿಡುತ್ತಾ ಹೋದರು. ಧೂಳಿನ ನುಸಿ, ಜಿರಳೆ, ಬೂಷ್ಟು, ಹುಲ್ಲಿನ ಪರಾಗ, ಕಾಂಗ್ರೆಸ್ ಗಿಡ, ಬೆಕ್ಕಿನ ಕೂದಲು. ಆಮೇಲೆ ಹನಿಯ ಮೇಲೇ ಪುಟ್ಟ ಮೊನೆಯಿಂದ ಒಂದು ಚುಚ್ಚು. ರಕ್ತ ಬರುವುದಿಲ್ಲ, ನೋವೂ ಹೇಳಿಕೊಳ್ಳುವಂಥದ್ದಲ್ಲ. ಕಷ್ಟವೆಲ್ಲ ಆಮೇಲಿನ ಹದಿನೈದು ನಿಮಿಷದ್ದು: ತುರಿಸುತ್ತದೆ, ಕೆರೆಯುವ ಹಾಗಿಲ್ಲ. ಬೆಂಚಿನ ಮೇಲೆ ಸಾಲಾಗಿ ಕೂತು, ಮೆಹೆಂದಿ ಒಣಗಲು ಬಿಟ್ಟ ಮದುವೆ ಮನೆಯ ಹೆಂಗಸರ ಹಾಗೆ ಎಲ್ಲರೂ ಕೈ ಚಾಚಿಕೊಂಡಿದ್ದೆವು.

ಮೊದಲು ಉಬ್ಬಿದ ಬೊಕ್ಕೆ ನೋಡಿ ಯಜಮಾನರು "ನಾನು ಹೇಳಲಿಲ್ವಾ, ಕಾಂಗ್ರೆಸ್ ಗಿಡ!" ಎಂದು ಕೂಗಿದರು. ಪುಣೆ ಕಡೆಯಿಂದ 1950ರ ದಶಕದಲ್ಲಿ ಹಬ್ಬಲು ಶುರುವಾದ ಆ ಕಳೆಯನ್ನು ಅವರು ತೋಟದಲ್ಲಿ ಕಿತ್ತೂ ಕಿತ್ತೂ ಸಾಕಾಗಿದ್ದವರು. ವೈರಿ ಕೊನೆಗೂ ಸಿಕ್ಕಿಬಿದ್ದ ಎಂಬ ಖುಷಿ ಮುಖದಲ್ಲಿತ್ತು.

"ಅದು ಹಿಸ್ಟಮಿನ್ ಹನಿ ಸಾರ್, ಎಲ್ಲರಿಗೂ ಏಳುತ್ತೆ. ಏಳದೇ ಇದ್ದರೆ ನೀವು ಮನೇಲಿ ಸೆಟ್ರಿಜಿನ್ ನುಂಗಿ ಬಂದಿದೀರಿ ಅಂತ ಅರ್ಥ" ಎಂದರು ಸಿಸ್ಟರ್. ಟೆಸ್ಟಿಗೆ ಒಂದು ವಾರ ಮೊದಲೇ ಆ ಮಾತ್ರೆ ಬಿಟ್ಟಿರಬೇಕು. ಬಿಡದೆ ಬಂದು, ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸ್ ಹೋದವರನ್ನು ಅಲ್ಲಿ ಬೇಕಾದಷ್ಟು ಕಂಡಿದ್ದೇನೆ.

ಕಾಂಗ್ರೆಸ್ ಗಿಡದ ಜಾಗ ಚಪ್ಪಟೆಯಾಗೇ ಉಳಿಯಿತು. ಉಪ್ಪುನೀರಿನ ಹನಿಯೂ ಏಳಲಿಲ್ಲ, ಅದು ಏಳಲೂಬಾರದು. ಅದಕ್ಕಿಂತ ಮೂರು ಮಿಲಿಮೀಟರಾದರೂ ಹೆಚ್ಚು ಉಬ್ಬಿದ್ದರೆ ಮಾತ್ರ ಲೆಕ್ಕ. ಡಾಕ್ಟರು ಸ್ಕೇಲ್ ಹಿಡಿದು ಅಳೆದರು. ಯಜಮಾನರಿಗೆ ಎದ್ದು ನಿಂತದ್ದು ಧೂಳಿನ ನುಸಿ. ನನಗೆ ಜಿರಳೆ, ಆ ವಿಷಯ ಇಲ್ಲಿಗೆ ಬಿಡೋಣ.

ನುಸಿ ಇರುವುದು ಹಾಸಿಗೆ ದಿಂಬಿನಲ್ಲಿ ಎಂದದ್ದೇ ತಡ, ಅವರ ಹೆಂಡತಿ ಕೆರಳಿದರು. "ನಮ್ಮನೆ ಹಾಸಿಗೆ ಏನು ಕೊಳಕಾ?" ಕೊಳಕಿನ ಪ್ರಶ್ನೆಯಲ್ಲ ತಾಯಿ, ಎಲ್ಲರ ಮೈಯಿಂದಲೂ ಉದುರುವ ಚರ್ಮದ ಹೊಟ್ಟೇ ಅದಕ್ಕೆ ಊಟ, ಕಣ್ಣಿಗೆ ಕಾಣುವುದೂ ಇಲ್ಲ, ಕಚ್ಚುವುದೂ ಇಲ್ಲ, ಅದರ ಹಿಕ್ಕೆ ಮೂಗಿಗೆ ಹೋಗಿ ಈ ಪಾಡು ಎಂದು ಡಾಕ್ಟರು ಬಿಡಿಸಿ ಹೇಳಿದರು. ಹಿಕ್ಕೆ ಎಂದ ಮೇಲಂತೂ ಆಯಮ್ಮ ಸೆರಗು ಮೂಗಿಗೆ ಅಡ್ಡ ಹಿಡಿದವರು ಕ್ಲಿನಿಕ್ಕಿನಿಂದ ಹೊರಡುವವರೆಗೂ ತೆಗೆಯಲಿಲ್ಲ.

ಅದೇ ದಿನ ಒಬ್ಬ ಹುಡುಗಿ ದಪ್ಪ ರಿಪೋರ್ಟು ತಂದಿದ್ದಳು. ಎಲ್ಲೋ ರಕ್ತ ಕೊಟ್ಟು ಮಾಡಿಸಿದ್ದು. ಅದರಲ್ಲಿ ಕೆಂಪು ಗುರುತು ಬಿದ್ದದ್ದನ್ನೆಲ್ಲ ಬಿಟ್ಟು ಸೊರಗಿಹೋಗಿದ್ದಳು. ಡಾಕ್ಟರು ಪುಟ ತಿರುಗಿಸಲಿಲ್ಲ. "ಹಾಲು ಕುಡಿದರೆ ಏನಾಗುತ್ತೆ?" "ಏನೂ ಆಗಲ್ಲ." "ಗೋಧಿ?" "ಏನೂ ಇಲ್ಲ." "ಹಾಗಿದ್ರೆ ತಿನ್ನಮ್ಮ." ಪರೀಕ್ಷೆಯಲ್ಲಿ ಕಂಡದ್ದಕ್ಕೂ ಮೈಯಲ್ಲಿ ಆಗುವುದಕ್ಕೂ ತಾಳೆಯಾಗದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ ಎನ್ನುವ ಡಾಕ್ಟರು ಅವರು. ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಆ ಘಳಿಗೆಯಲ್ಲೇ.

ಯಜಮಾನರಿಗೆ ಇಂಜೆಕ್ಷನ್ ಶುರುವಾಯಿತು. ಯಾವುದು ಆಗಿಬರುವುದಿಲ್ಲವೋ ಅದನ್ನೇ ಚೂರುಚೂರೇ ಮೈಗೆ ರೂಢಿ ಮಾಡಿಸುವ ಚಿಕಿತ್ಸೆ. 1911ರಲ್ಲಿ ಲಂಡನ್ನಿನಲ್ಲಿ ಲಿಯೊನಾರ್ಡ್ ನೂನ್ ಎಂಬ ವೈದ್ಯ ಹುಲ್ಲಿನ ಪರಾಗದ ಸಾರ ಚುಚ್ಚಿ ನೋಡಿದಾಗಿನಿಂದ ನಡೆದುಬಂದ ದಾರಿ. ಮೊದಮೊದಲು ವಾರಕ್ಕೊಂದು, ಪ್ರತಿಸಲ ಸ್ವಲ್ಪ ಏರಿಸುತ್ತ. ಆಮೇಲೆ ತಿಂಗಳಿಗೊಂದು, ಮೂರರಿಂದ ಐದು ವರ್ಷ. ಪ್ರತಿ ಇಂಜೆಕ್ಷನ್ ಆದಮೇಲೂ ಅರ್ಧ ಗಂಟೆ ಅಲ್ಲೇ ಕೂತಿರಬೇಕು. ಗೋಡೆಯ ಮೇಲೆ ದಪ್ಪಕ್ಷರದ ಬೋರ್ಡೂ ಇತ್ತು, ಓದುವವರು ಕಡಿಮೆ.

ಆ ಸಂಜೆ ಅವರು ಒಬ್ಬರೇ ಬಂದಿದ್ದರು. ಟ್ರಾಫಿಕ್ಕಿನಲ್ಲಿ ಸಿಕ್ಕಿ, ತಡವಾಗಿ, ಮೆಟ್ಟಿಲನ್ನು ಓಡೋಡಿ ಹತ್ತಿದ್ದರು. ಡೋಸೂ ಏರಿಸಿದ ದಿನ. ಚುಚ್ಚಿಸಿಕೊಂಡು ಹತ್ತು ನಿಮಿಷಕ್ಕೆ ಎದ್ದು ನಿಂತರು.

"ಕಾರ್ಡ್ ಕೊಡಮ್ಮ, ರೈಲಿಗೆ ಹೊತ್ತಾಯ್ತು."

"ಅರ್ಧ ಗಂಟೆ ಆಗ್ಲಿ ಸಾರ್."

"ಇಷ್ಟು ದಿನ ಏನಾಗಿದೆ ನಂಗೆ? ಸೀನೂ ಬಂದಿಲ್ಲ."

ಸಿಸ್ಟರ್ ಕಾರ್ಡನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ಯಜಮಾನರು ನಮ್ಮ ಕಡೆ ತಿರುಗಿ, ಕಾಸು ಕೊಟ್ಟು ಜೈಲು ಸೇರಿದ ಹಾಗಾಯ್ತಲ್ಲ ಎಂದು ಗೊಣಗುತ್ತ ಕೂತರು. ಗೊಣಗುತ್ತಲೇ ಅಂಗೈ ಕೆರೆದುಕೊಂಡರು. ಆಮೇಲೆ ಅಂಗಾಲು. ನಾನು ನೋಡುತ್ತಿದ್ದ ಹಾಗೇ ಕತ್ತಿನ ಮೇಲೆ ಕೆಂಪು ದದ್ದು ಎದ್ದು ಕಿವಿಯವರೆಗೆ ಏರಿತು. ಕೆಮ್ಮಿದರು. ಏನೋ ಹೇಳಲು ಹೋದರು. ಆ ದೊಡ್ಡ ದನಿ ಕೀರಲಾಗಿತ್ತು. "ಗಂಟಲು ಯಾಕೋ..." ಎಂದವರು ಪೂರ್ತಿ ಮಾಡಲಿಲ್ಲ.

ಸಿಸ್ಟರ್ ಕೂಗಾಡಲಿಲ್ಲ. ಯಜಮಾನರನ್ನು ಬೆಂಚಿನ ಮೇಲೆ ಮಲಗಿಸಿ, ಕಾಲಿನಡಿ ಎರಡು ದಿಂಬು ಕೊಟ್ಟು, ಬೆಲ್ ಒತ್ತಿದರು. ಡಾಕ್ಟರು ಬರುವಷ್ಟರಲ್ಲಿ ಟ್ರೇ ಪಕ್ಕದಲ್ಲಿತ್ತು. ದಿನಾ ನೋಡುತ್ತಿದ್ದ ಟ್ರೇ ಅದು, ಮೇಲೊಂದು ಬಿಳಿ ಬಟ್ಟೆ. ಹೊಸದಾಗಿ ಸೇರಿದ್ದ ಚಿಕ್ಕ ಡಾಕ್ಟರು "ಅವಿಲ್ ಕೊಡ್ಲಾ ಸಾರ್?" ಎಂದರು. "ಅದು ಆಮೇಲೆ. ಮೊದಲು ಅಡ್ರಿನಲಿನ್." ಪಂಚೆ ಸರಿಸಿ ತೊಡೆಯ ಹೊರಬದಿಗೆ ನೆಟ್ಟಗೆ ಚುಚ್ಚಿದರು. ಅರ್ಧ ಎಂ.ಎಲ್. ಅಷ್ಟೆ. ಮೂಗಿಗೆ ಆಕ್ಸಿಜನ್ ಇಟ್ಟರು.

ಐದಾರು ನಿಮಿಷ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಯಜಮಾನರ ಕೈ ನಡುಗತೊಡಗಿತು, ಎದೆ ಡವಡವ ಅನ್ನುತ್ತಿದೆ ಎಂದರು. ಅದು ಮದ್ದಿನ ಕೆಲಸ, ಹೆದರಬೇಡಿ ಎಂದರು ಡಾಕ್ಟರು. ದನಿ ವಾಪಸ್ ಬಂದದ್ದು ಕೇಳಿ ನಮಗೆಲ್ಲ ಜೀವ ಬಂತು. ಇಂಥದ್ದು ಬಹುಮಟ್ಟಿಗೆ ಅರ್ಧ ಗಂಟೆಯೊಳಗೇ ಕಾಣಿಸಿಕೊಳ್ಳುತ್ತದೆ, ಬೋರ್ಡು ಇರುವುದು ಅದಕ್ಕೇ. ಓಡಿ ಮೆಟ್ಟಿಲು ಹತ್ತಿದ್ದೂ ಒಂದು ಕಾರಣ ಇರಬಹುದು, ಡೋಸ್ ಏರಿದ್ದೂ ಇರಬಹುದು ಎಂದು ಡಾಕ್ಟರು ಆಮೇಲೆ ಹೇಳಿದರು. ಮುಂದೆ ಡೋಸ್ ಇಳಿಸಿ ಮತ್ತೆ ಶುರುಮಾಡಿದರು, ಅದೊಂದು ಬೇರೆಯೇ ಕಥೆ.

ಇಳಿದದ್ದು ಕೆಲವು ಗಂಟೆ ಬಿಟ್ಟು ಮತ್ತೆ ಮರುಕಳಿಸುವುದುಂಟಂತೆ. ಅದಕ್ಕೆ ಆ ರಾತ್ರಿ ಹತ್ತಿರದ ಆಸ್ಪತ್ರೆಯಲ್ಲಿ ಇರಿಸಬೇಕೆಂದು ಆಂಬುಲೆನ್ಸ್ ತರಿಸಿದರು. ಸ್ಟ್ರೆಚರಿನ ಮೇಲಿಂದಲೇ ಯಜಮಾನರು ನನ್ನ ಕೈಗೆ ಫೋನು ಕೊಟ್ಟು, "ಮನೆಗೆ ರೈಲು ತಪ್ಪಿತು ಅಂತ ಹೇಳಿ. ಅಷ್ಟೇ ಹೇಳಿ" ಎಂದರು.

ಹೇಳಿದೆ. ಆ ಕಡೆಯಿಂದ ಆಯಮ್ಮ ಒಂದು ಕ್ಷಣ ತಡೆದು ಕೇಳಿದರು: "ಇಂಜೆಕ್ಷನ್ ಆದ್ಮೇಲೆ ಅರ್ಧ ಗಂಟೆ ಕೂತಿದ್ರಾ?"

"ಕೂತಿದ್ರು ಅಮ್ಮ."

"ಅವರಾಗೇ ಕೂತ್ರಾ, ಸಿಸ್ಟರ್ ಕೂರಿಸಿದ್ರಾ?"