ಹೆಂಚು ತೆಗೆದು ಹುಲ್ಲು ಹೊದೆಸಿದೆವು

ಶೃಂಗೇರಿಗೆ ಹೊರಟ ಯಾತ್ರಿಕರು ನಮ್ಮ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಆಗಾಗ ಕೇಳುವುದುಂಟು, ‘ಇಲ್ಲಿಗೆ ಹತ್ತಿರದ ರೈಲ್ವೆ ಸ್ಟೇಷನ್ ಯಾವುದು?’ ನಾವು ನಕ್ಕು, ಶಿವಮೊಗ್ಗ ಅಂತಲೋ, ಘಾಟಿ ಇಳಿದು ಉಡುಪಿ ಅಂತಲೋ ಹೇಳುತ್ತೇವೆ. ಜಿಲ್ಲಾ ಕೇಂದ್ರ ಚಿಕ್ಕಮಗಳೂರಿಗೇ ರೈಲು ಬಂದದ್ದು 2013ರಲ್ಲಿ. ಕೊಪ್ಪ, ಶೃಂಗೇರಿಯವರಿಗೆ ರೈಲೆಂದರೆ ಇವತ್ತಿಗೂ ಬೇರೆ ಊರಿನದೇ.

ಅಂಥ ಊರಿನ ನಮ್ಮ ಮನೆಗೆ ಎರಡು ವರ್ಷದ ಹಿಂದೆ ಒಂದು ರೈಲು ಬಂತು. ವಿದೇಶದಲ್ಲಿರುವ ನನ್ನ ನಾದಿನಿ ಮಗನಿಗೆ ತಂದುಕೊಟ್ಟ ಮಾದರಿ ರೈಲು. ಪುಟ್ಟ ಇಂಜಿನ್, ಎರಡು ಡಬ್ಬಿ, ಒಂದಿಷ್ಟು ಹಳಿ. ಡಬ್ಬದ ಮೇಲೆ ಹಿಮ ಬಿದ್ದ ಸ್ಟೇಷನ್ನಿನ ಚಿತ್ರ. ನಾಲ್ಕು ದಿನ ಸುತ್ತು ಹಾಕಿಸಿದ ಮಗನಿಗೆ ಬೇಜಾರಾಯಿತು. ‘ಅಮ್ಮ, ಇದಕ್ಕೊಂದು ಊರು ಕಟ್ಟೋಣ. ಆದ್ರೆ ನಮ್ಮ ಕಡೆ ರೈಲೇ ಇಲ್ವಲ್ಲ!’ ಅಂದ.

‘ಇಲ್ಲ ಅಂತ ಯಾರು ಹೇಳಿದ್ದು? ನನ್ನ ತವರಿಗಿತ್ತು’ ಅಂದೆ.

ನನ್ನ ತವರು ನರಸಿಂಹರಾಜಪುರದ ಕಡೆ. ಮೊದಲು ಎಡೇಹಳ್ಳಿ ಅಂತಿದ್ದ ಊರಿಗೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಬಂದುಹೋದ ನೆನಪಿಗೆ 1915ರಲ್ಲಿ ಈ ಹೆಸರು ಇಟ್ಟರು. ಸಂಸ್ಥಾನದ ಆ ಕಾಲದಲ್ಲಿ ತರೀಕೆರೆಯಿಂದ ಇಲ್ಲಿಗೆ ಕಾಡಿನ ನಡುವೆ ಎರಡು ಅಡಿ ಅಗಲದ ಹಳಿಯ ಮೇಲೆ ಟ್ರಾಮ್ ಓಡುತ್ತಿತ್ತು. ಕಾಡಿನ ಮರ ಹೊರಕ್ಕೆ ಹೋಗುತ್ತಿದ್ದದ್ದು ಅದರಲ್ಲಿ. ಆಮೇಲೆ ಅದು ನಿಂತಿತು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಕಟ್ಟಿದ ಮೇಲೆ ನೀರು ಹಿಂದಕ್ಕೆ ನಿಂತು ಸುತ್ತಿನ ಎಷ್ಟೋ ಗದ್ದೆ, ಮನೆಗಳೂ ಮುಳುಗಿದವು.

ಸರಿ, ಟ್ರಾಮೇ ಕಟ್ಟುವುದೆಂದು ತೀರ್ಮಾನವಾಯಿತು. ಮೊದಲು ಎದುರಾದದ್ದು ಲೆಕ್ಕ. ನಮ್ಮ ಆಟದ ಹಳಿಯ ಅಗಲ 16.5 ಮಿ.ಮೀ. ಆ ರೈಲು 87 ಪಾಲು ಚಿಕ್ಕದು ಮಾಡಿದ ಯುರೋಪಿನ ದೊಡ್ಡ ರೈಲು. ಆದರೆ ಅದೇ ಹಳಿಯನ್ನು ಎರಡು ಅಡಿಯ ಟ್ರಾಮ್ ಹಳಿ ಅಂದುಕೊಂಡರೆ ಉಳಿದದ್ದೆಲ್ಲ 37 ಪಾಲು ಮಾತ್ರ ಚಿಕ್ಕದಾಗಬೇಕು. ಐದೂವರೆ ಅಡಿಯ ಮನುಷ್ಯ ನಾಲ್ಕೂವರೆ ಸೆಂ.ಮೀ., ಆರಡಿ ಬಾಗಿಲು ಐದು ಸೆಂ.ಮೀ. ನಮ್ಮ ಡ್ರೈವರ್ ಇಂಜಿನ್ನಿನೊಳಗೆ ಹಿಡಿಸಲಿಲ್ಲ. ಹಿಂದಿನ ಗೂಡು ಕತ್ತರಿಸಿ ರಟ್ಟಿನಲ್ಲಿ ದೊಡ್ಡದು ಮಾಡಿದೆವು. ಡಬ್ಬಿಗಳ ಮೇಲ್ಭಾಗ ತೆಗೆದು, ಐಸ್‌ಕ್ರೀಂ ಕಡ್ಡಿ ಅಂಟಿಸಿ, ಮರ ಸಾಗಿಸುವ ಗಾಡಿ ಮಾಡಿದೆವು. ದಿಮ್ಮಿಗಳಿಗೆ ಕಸಿ ಮಾಡಿ ಬಿಸಾಕಿದ ಕಾಫಿ ಗಿಡದ ಹೆಬ್ಬೆರಳು ದಪ್ಪದ ಕೊಂಬೆ, ತೊಗಟೆ ಸಮೇತ.

ಮಣ್ಣು ಹಿತ್ತಲಿನದೇ. ಜರಡಿ ಹಿಡಿದು, ಹುಳು ಹುಪ್ಪಟೆ ಸಾಯಲೆಂದು ಹಳೇ ಕಾವಲಿಯಲ್ಲಿ ಹುರಿದು ಅಂಟಿನ ಮೇಲೆ ಉದುರಿಸಿದೆ. ಅಂಗಡಿಯ ಬಣ್ಣದಲ್ಲಿ ಎಷ್ಟು ಮಾಡಿದರೂ ಬರದ ಮಲೆನಾಡಿನ ಕೆಂಪು ಒಂದೇ ಸಲಕ್ಕೆ ಬಂತು. ಇಂಜಿನ್ನಿಗೆ ಒಲೆಯ ಮಸಿ, ಗಾಡಿಯ ಕಬ್ಬಿಣಕ್ಕೆ ಇಟ್ಟಿಗೆ ಪುಡಿ.

ನನಗೆ ತುಂಬ ಹೆಮ್ಮೆ ಇದ್ದದ್ದು ಹೆಂಚಿನ ಬಗ್ಗೆ. ಮಂಗಳೂರು ಹೆಂಚು ಈ ಅಳತೆಗೆ ಹನ್ನೊಂದು ಮಿ.ಮೀ. ಉದ್ದ ಬರುತ್ತದೆ. ಬಲ್ಬಿನ ಡಬ್ಬದ ರಟ್ಟನ್ನು ಒದ್ದೆ ಮಾಡಿ ಮೇಲಿನ ಕಾಗದ ಸುಲಿದರೆ ಒಳಗೆ ಅಲೆಅಲೆಯ ಪದರ ಸಿಗುತ್ತದೆ. ಪಟ್ಟಿ ಕತ್ತರಿಸಿ, ಒಂದರ ಮೇಲೊಂದು ಜೋಡಿಸಿ, ಒಂದೊಂದು ಹೆಂಚಿಗೂ ಬೇರೆಬೇರೆ ಕೆಂಪು ಬಳಿದೆ. ಸರಕಿನ ಗೋದಾಮಿಗೊಂದು ಮಾಡು, ಹಳಿಯ ಪಕ್ಕದ ದೊಡ್ಡ ಮನೆಗೊಂದು ಮಾಡು. ಅದು ನಮ್ಮ ಅಪ್ಪಯ್ಯ ಹುಟ್ಟಿದ, ಈಗ ನೀರಿನಡಿ ಇರುವ ಮನೆ. ನಿಜಕ್ಕೂ ಅದು ಹಳಿಯ ಪಕ್ಕ ಇರಲಿಲ್ಲ. ನಮ್ಮ ಹಲಗೆಯಲ್ಲಿ ಜಾಗ ಇಲ್ಲದೆ ಎಳೆದು ತಂದದ್ದು.

ನೀರು ಬಂದಾಗ ಅಪ್ಪಯ್ಯ ಮೀಸೆ ಚಿಗುರುವ ವಯಸ್ಸಿನವರು. ಆ ಮನೆಯ ಬಗ್ಗೆ ನಾವು ಮಕ್ಕಳು ಕೇಳಿದಾಗಲೆಲ್ಲ ಅವರದ್ದು ಒಂದೇ ಉತ್ತರ, ‘ಹೋದದ್ದು ಹೋಯ್ತು, ಊಟ ಮಾಡಿ.’ ಹಾಗಾಗಿ ಆ ಮನೆಯನ್ನು ನಾನು ಕಟ್ಟಿದ್ದು ಪೂರಾ ಊಹೆಯ ಮೇಲೆ.

ಕಳೆದ ಬೇಸಿಗೆಯಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಅಪ್ಪಯ್ಯ ಹದಿನೈದು ದಿನ ನಮ್ಮಲ್ಲಿ ಇದ್ದರು. ಕಪ್ಪು ಕನ್ನಡಕ ಹಾಕಿಕೊಂಡೇ ಹಲಗೆಯ ಮುಂದೆ ಕುಳಿತರು. ಮಗ ರೈಲು ಓಡಿಸಿದ. ಅವರು ರೈಲು ನೋಡಲಿಲ್ಲ.

‘ಇದು ಯಾವ ತಿಂಗಳು?’ ಅಂದರು.

‘ಮೇ, ಅಜ್ಜಯ್ಯ.’

‘ಈಗಿನದ್ದಲ್ಲ ಮಾರಾಯ, ಇದ್ರಲ್ಲಿ!’

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಗದ್ದೆ ಹಸಿರು, ಪಕ್ಕದ ತೇಗದ ಮರ ಬೋಳು, ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ! ‘ಮಳೆಗಾಲ ಅಂದ್ರೆ ಗೋಡೆಗೆ ಸೋಗೆ ತಟ್ಟಿ ಎಲ್ಲಿ? ಆಳುಗಳ ತಲೆ ಮೇಲೆ ಗೊರಬು ಎಲ್ಲಿ? ಬೇಸಿಗೆ ಅಂದ್ರೆ ಗದ್ದೆ ಹೀಂಗಿರ್ತದಾ?’ ಕೊನೆಗೆ ಮಳೆ ಹಿಡಿಯುವ ಹದಿನೈದು ದಿನ ಮುಂಚಿನ ಕಾಲ ಅಂತ ನಿಶ್ಚಯವಾಯಿತು. ಗದ್ದೆ ಕಂದಾಯಿತು. ಅಡಿಕೆ ಒಳಗೆ ಹೋಯಿತು. ಕೊಟ್ಟಿಗೆಯ ಪಕ್ಕ ಸೌದೆ ರಾಶಿ ಬಂತು. ಮಗ ನೆಟ್ಟಿದ್ದ ಕರೆಂಟ್ ಕಂಬ, ಅಕೇಶಿಯಾ ಮರ ಎರಡೂ ಕಿತ್ತುಹೋದವು.

ಆಮೇಲೆ ಅಪ್ಪಯ್ಯ ನನ್ನ ಹೆಂಚಿನ ಮೇಲೆ ಬೆರಳಾಡಿಸಿದರು. ‘ಚೆಂದ ಮಾಡಿದೀಯ. ಆದ್ರೆ ನಮ್ಮನೆಗೆ ಹೆಂಚು ಎಲ್ಲಿತ್ತೇ? ಹುಲ್ಲಿನ ಮಾಡು. ವರ್ಷ ವರ್ಷ ಹೊದೆಸ್ಬೇಕು. ಹೆಂಚಿನ ಮನೆ ಅಂದ್ರೆ ಆಗ ಸಾಹುಕಾರ್ರದ್ದು.’

ನಿಜ ಹೇಳುತ್ತೇನೆ, ನನಗೆ ಸಿಟ್ಟೇ ಬಂತು. ಎರಡು ತಿಂಗಳ ಕೆಲಸ! ಹೆಂಚಿನ ಮನೆಯೇ ನೋಡಲು ಚೆಂದ, ಹಾಗೇ ಇರಲಿ ಅನಿಸಿತು. ಆದರೆ ಹಾಗೆ ಬಿಟ್ಟರೆ ಅದು ಅಪ್ಪಯ್ಯನ ಮನೆಯಾಗಿ ಉಳಿಯುತ್ತಿರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಚಾಕುವಿನಲ್ಲಿ ಎಬ್ಬಿಸಿ ತೆಗೆದೆ. ಮರುದಿನ ಅಡಿಕೆ ಸಿಪ್ಪೆಯ ನಾರು ಬಿಡಿಸಿ, ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿ, ಕೆಳಗಿನಿಂದ ಮೇಲಕ್ಕೆ ಹೊದೆಸಿದೆವು. ಅಪ್ಪಯ್ಯ ಹೊದೆಸುವ ಕ್ರಮ ಹೇಳುತ್ತಾ ಹೋದರು. ‘ಹುಲ್ಲಿನ ಮನೆ ಇಂಜಿನ್ ಪಕ್ಕ ಇಡ್ತೀರಾ? ಕಿಡಿ ಹಾರಿದ್ರೆ?’ ಅಂದರು. ಮನೆ ಒಂದು ಗೇಣು ಹಿಂದೆ ಸರಿಯಿತು.

ಬಾಯಿ ಬಿಟ್ಟದ್ದು ಆಗಲೇ. ಬಾವಿ ಎಲ್ಲಿ, ಹಲಸಿನ ಮರ ಎಲ್ಲಿ, ಅಜ್ಜಿ ಬಿಸಿನೀರು ಕಾಯಿಸುತ್ತಿದ್ದ ಬಚ್ಚಲು ಎಲ್ಲಿ. ಮನೆ ಬಿಡುವಾಗ ತೊಲೆ, ಕಿಟಕಿ ಬಿಚ್ಚಿ ಗಾಡಿಗೆ ಹೇರಿದ್ದು. ಕೊನೆಗೆ, ‘ಹೆಬ್ಬಾಗಿಲು ಗೊತ್ತಲ್ಲ ನಿಂಗೆ, ನಮ್ಮ ಕೊಟ್ಟಿಗೇದು’ ಅಂದರು.

ತವರಿನ ಕೊಟ್ಟಿಗೆಗೆ ಅಷ್ಟು ದಪ್ಪದ, ಹಿತ್ತಾಳೆ ಬಳೆಯ ಬಾಗಿಲು ಯಾಕೆ ಅಂತ ಚಿಕ್ಕವಳಿದ್ದಾಗ ನಾನು ಎಷ್ಟೋ ಸಲ ಅಂದುಕೊಂಡಿದ್ದೆ. ಹೊಸ ಮನೆಯ ಚೌಕಟ್ಟು ಚಿಕ್ಕದಾಗಿ, ಆ ಬಾಗಿಲು ಕೊಟ್ಟಿಗೆ ಸೇರಿತ್ತಂತೆ. ಮದುವೆಯಾಗಿ ಹೊರಡುವ ದಿನ ಅದಕ್ಕೆ ಒರಗಿ ನಿಂತು ಅತ್ತವಳು ನಾನು. ಅದು ಯಾವ ಬಾಗಿಲು ಅಂತ ಯಾರೂ ಹೇಳಿರಲಿಲ್ಲ.

ಅಪ್ಪಯ್ಯನನ್ನು ಬಿಡಲು ಹೋದಾಗ ಮಗ ಕೇಳಿಯೇ, ಆ ಬಾಗಿಲಿನ ತಳದಿಂದ ಒಂದು ಸಣ್ಣ ಸೀಳು ತಂದ. ನಮ್ಮ ಹಲಗೆಯ ಮನೆಯ ಐದು ಸೆಂ.ಮೀ. ಬಾಗಿಲು ಈಗ ಅದರದ್ದೇ.

ಮಗನಿಗೆ ಇನ್ನೊಂದು ಆಸೆ ಇತ್ತು. ಹಲಗೆಯ ಒಂದು ಬದಿಗೆ ಗಾಜಿನ ಹಾಳೆ ಹಾಕಿ, ನೀರು ಏರಿ ಬರುವುದನ್ನು ತೋರಿಸಬೇಕು ಅಂತ. ಫೋನಿನಲ್ಲಿ ಅಜ್ಜಯ್ಯನನ್ನು ಕೇಳಿದ.

‘ಬೇಡ ಮಗಾ. ಅದು ಅಲ್ಲಿ ಇದ್ದೇ ಇದೆ’ ಅಂದರಂತೆ.

ಮನೆಯಲ್ಲಿ ಇಂಥದ್ದು ಮಾಡುವ ಆಸೆ ಇರುವವರಿಗೆ ಒಂದು ಮಾತು. ಮೈದಾ ಅಂಟು ಕಾಯಿಸುವಾಗ ಚಿಟಿಕೆ ಮೈಲುತುತ್ತ ಹಾಕಿ. ವಿಷದ ವಸ್ತು, ಮಕ್ಕಳ ಕೈಗೆ ಕೊಡಬೇಡಿ. ನಾನು ಹಾಕಿರಲಿಲ್ಲ. ಮೊದಲ ಮಳೆಗಾಲಕ್ಕೇ ಗೋದಾಮಿನ ಹೆಂಚಿನ ಮೇಲೆಲ್ಲ ಬಿಳೀ ಬೂಷ್ಟು. ಈಗ ವಾರಕ್ಕೊಮ್ಮೆ ತವರಿನಿಂದ ಫೋನ್ ಬರುತ್ತದೆ. ಮೊದಲೆಲ್ಲ ‘ಆರಾಮಾ?’ ಅಂತ ಕೇಳಿ ಇಡುತ್ತಿದ್ದ ಅಪ್ಪಯ್ಯ ಈಗ ಕೇಳುವುದೇ ಬೇರೆ.

‘ಮಾಡು ಹೇಂಗಿದೆ? ಬಿಸಿಲು ಬಂದ ದಿನ ಸ್ವಲ್ಪ ಹೊರಗಿಡು. ಈ ಸಲ ಹುಲ್ಲು ಬದಲಾಯಿಸ್ಬೇಕು, ನಾನೇ ಬರ್ತೇನೆ.’