ಅನ್ನವೂ ವಾರ್ತೆಯೂ

ಇಂದು ನಾವು ಸುದ್ದಿ ಎಂಬರ್ಥದಲ್ಲಿ ಬಳಸುವ 'ವಾರ್ತೆ' ಎಂಬ ಶಬ್ದಕ್ಕೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬೇರೊಂದು ಅರ್ಥವುಂಟು. ಕೃಷಿ, ಪಶುಪಾಲನೆ, ವಾಣಿಜ್ಯ ಇವು ಮೂರೂ ಸೇರಿ ಅಲ್ಲಿ ವಾರ್ತೆ ಎನಿಸಿಕೊಳ್ಳುತ್ತವೆ. ಎಂದರೆ ಜನರು ಅನ್ನ ಸಂಪಾದಿಸುವ ಬಗೆ. ಶಬ್ದದ ಬೇರು 'ವೃತ್ತಿ'ಯಲ್ಲಿದೆ. ವಿದ್ವತ್ ವ್ಯಾಸಂಗದ ಕಾಲದಲ್ಲಿ ಗುರುಮುಖದಿಂದ ಕೇಳಿ ತಿಳಿದಿದ್ದ ಈ ಸಂಗತಿ ನನಗೆ ಪ್ರತ್ಯಕ್ಷವಾದದ್ದು 2016ನೆಯ ಸೆಪ್ಟೆಂಬರ್ 12, ಸೋಮವಾರದಂದು.

ಆಗ ನಮ್ಮ ವಾಸ ವಿಜಯನಗರದ ಒಂದು ಬಾಡಿಗೆ ಮನೆಯ ಮಹಡಿಯಲ್ಲಿ. ಮನೆಯವರು ತಮ್ಮ ತಾಯಿಯ ಶುಶ್ರೂಷೆಗಾಗಿ ತಿಪಟೂರಿಗೆ ಹೋಗಿದ್ದರಾಗಿ ಒಲೆ ನನ್ನ ಪಾಲಿಗೆ ಬಂದಿತ್ತು. ರಾತ್ರಿಯ ಬಸ್ಸಾರಿಗೆಂದು ಹುರುಳಿಕಾಳು ನೆನೆಹಾಕಿ, ದಂಟಿನ ಸೊಪ್ಪು ಬಿಡಿಸುತ್ತ ಆಕಾಶವಾಣಿಯ ಸುದ್ದಿ ಕೇಳಿದೆ. ದಿನಕ್ಕೆ 15,000 ಕ್ಯೂಸೆಕ್ಸ್‌ನಂತೆ ಹತ್ತು ದಿನ ತಮಿಳುನಾಡಿಗೆ ಕಾವೇರಿಯ ನೀರು ಬಿಡಬೇಕೆಂದು ಸರ್ವೋಚ್ಚ ನ್ಯಾಯಾಲಯ ಅದೇ ತಿಂಗಳ 5ರಂದು ಆದೇಶಿಸಿತ್ತು. 9ರಂದು ಕರ್ನಾಟಕ ಬಂದ್ ನಡೆದಿತ್ತು. ಮಳೆ ಕೈಕೊಟ್ಟ ವರ್ಷ. ಮಂಡ್ಯದ ರೈತನ ಸಂಕಟ ಹುಸಿಯಾದುದಲ್ಲ. ಆದರೆ ನಾನು ಸೊಪ್ಪು ತೊಳೆದ ನೀರೂ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, 500 ಮೀಟರು ಎತ್ತರಕ್ಕೆ ಏರಿ ಬಂದ ಅದೇ ಕಾವೇರಿ. ಬೆಂಗಳೂರಿಗರು ಇದನ್ನು ಮರೆತು ಮಾತನಾಡುವುದುಂಟು.

ಬೆಳಗಿನ ಉಪಾಹಾರಕ್ಕೆ ಮನೆಯ ಬಳಿಯ ದರ್ಶಿನಿಯೇ ಗತಿ. ಇಡ್ಡಲಿ ಎಲ್ಲಿಂದ ಬಂತೆಂದು ಯಾರು ಎಷ್ಟೇ ವಾದಿಸಲಿ, ವಡ್ಡಾರಾಧನೆಯಲ್ಲಿ 'ಇಡ್ಡಲಿಗೆ' ಇದೆ, ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ 'ಧೋಸಕ'ವಿದೆ ಎಂದು ನಾನು ಅಲ್ಲಿ ನಿಂತುಕೊಂಡೇ ಪಾಠ ಹೇಳಿ, ಕಾಫಿ ಆರಿಸಿಕೊಂಡದ್ದುಂಟು. ಯಜಮಾನರು ಕುಂದಾಪುರದವರು, ದೋಸೆ ಹಾಕುವಾತ ಧರ್ಮಪುರಿಯವನು, ತಿನ್ನುವವರು ನಾನಾ ಊರಿನವರು. ಒಂದೇ ಪತ್ರಿಕೆಯ ಹಾಳೆಗಳು ನಾಲ್ವರ ಕೈಯಲ್ಲಿ ಹಂಚಿಹೋಗಿರುತ್ತಿದ್ದವು. ಆ ದಿನ ಪತ್ರಿಕೆಗಿಂತ ಮೊದಲು ಮೊಬೈಲು ಮಾತಾಡಿತು: ಚೆನ್ನೈಯಲ್ಲಿ ಕನ್ನಡಿಗರ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಮುಂಜಾವದಲ್ಲಿ ಪೆಟ್ರೋಲ್ ಬಾಂಬು ಎಸೆದಿದ್ದಾರೆ. ಯಜಮಾನರು ಏನೂ ಹೇಳಲಿಲ್ಲ. ದೋಸೆ ಹಾಕುವವನನ್ನು ಒಳಗೆ ಕರೆದು, ಹಂಚಿನ ಮುಂದೆ ತಾವೇ ನಿಂತರು. ಅವರ ದೋಸೆ ದಪ್ಪವಾಗಿ ಬಂದಿತು, ಯಾರೂ ಆಕ್ಷೇಪಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಶಾಲೆಗೆ ಪೋಷಕರು ಧಾವಿಸಿ ಬರತೊಡಗಿದರು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಒಪ್ಪಿಸಿ ನಾನು ಬಸವೇಶ್ವರನಗರದಿಂದ ನಡೆದೇ ಹೊರಟೆ. ಬಸ್ಸಿಲ್ಲ, ಆಟೋ ಇಲ್ಲ. ಮಾಗಡಿ ರಸ್ತೆಯುದ್ದಕ್ಕೂ ಅಂಗಡಿಗಳ ಷಟರುಗಳು ಇಳಿಯುವ ಸದ್ದು. ಅಂಗಡಿಯೊಂದರ ಫಲಕದಲ್ಲಿದ್ದ ಊರಿನ ಹೆಸರನ್ನು ಹಳದಿ ಕೆಂಪು ಬಾವುಟದಿಂದ ಮುಚ್ಚುತ್ತಿದ್ದರು. ಮೈಸೂರು ರಸ್ತೆಯ ದಿಕ್ಕಿನಲ್ಲಿ ಕಪ್ಪು ಹೊಗೆ. ಅಲ್ಲಿ ತಮಿಳುನಾಡು ಮೂಲದ ಖಾಸಗಿ ಬಸ್ಸುಗಳು 30ಕ್ಕೂ ಹೆಚ್ಚು ಒಂದೇ ಕಡೆ ಸುಟ್ಟುಹೋದುವೆಂದು ಆಮೇಲೆ ತಿಳಿಯಿತು.

ಮನೆ ಸೇರಿ ದೂರದರ್ಶನದ ಪೆಟ್ಟಿಗೆ ಹಾಕಿದರೆ ಅದೇ ಬಸ್ಸು ಮತ್ತೆ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಒಮ್ಮೆ ಸುಟ್ಟದ್ದನ್ನು ನೂರು ಬಾರಿ ಸುಡುವ ಈ ಯಂತ್ರದ ಬಗೆಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ನ್ಯಾಯಾಲಯವು ಅದೇ ದಿನ ಪ್ರಮಾಣವನ್ನು 12,000 ಕ್ಯೂಸೆಕ್ಸ್‌ಗೆ ಇಳಿಸಿ, ಅವಧಿಯನ್ನು 20ರವರೆಗೆ ವಿಸ್ತರಿಸಿತ್ತು. ಆ ವಿವರ ಪರದೆಯ ಕೆಳಗಂಚಿನಲ್ಲಿ ಸಣ್ಣಕ್ಷರದಲ್ಲಿ ಓಡಿಹೋಯಿತು. ಆರಿಸಿ ಅಡುಗೆಗೆ ನಿಂತೆ. ಬೆಂದ ಕಾಳು ಸೊಪ್ಪನ್ನು ಬಸಿದು, ಈರುಳ್ಳಿ ಬೆಳ್ಳುಳ್ಳಿ ಹುರಿದು, ಮೆಣಸು ಜೀರಿಗೆ ಕಾಯಿಯೊಡನೆ ಒಂದು ಹಿಡಿ ಕಾಳನ್ನೂ ರುಬ್ಬಿ ಬಸಿದ ಕಟ್ಟಿಗೆ ಸೇರಿಸಿದೆ. ಬಸ್ಸಾರಿಗೆ ಅವಸರ ಸಲ್ಲದು; ಕುದಿಯುವಷ್ಟು ಕುದಿಯಲೇಬೇಕು.

ಆಗ ಕೆಳಮನೆಯ ಹಿರಿಯರು ಮೇಲೆ ಬಂದರು. ಬಿನ್ನಿಪೇಟೆಯ ಗಿರಣಿಯಲ್ಲಿ ದುಡಿದು ನಿವೃತ್ತರಾದವರು, ಮನೆಮಾತು ತಮಿಳು. ಹಣೆಯ ತುಂಬ ವಿಭೂತಿ. ಮೊಮ್ಮಗ ನಮ್ಮ ಶಾಲೆಯ ಎಂಟನೆಯ ತರಗತಿಯಲ್ಲಿ ನನ್ನ ಶಿಷ್ಯ. ಕೈಯಲ್ಲಿ ಒಂದು ರಟ್ಟು ಹಿಡಿದಿದ್ದರು. "ಪಂಡಿತರೇ, ನಿಮ್ಮ ಅಕ್ಷರ ಚೆನ್ನಾಗಿರುತ್ತದೆ. 'ಇದು ಕನ್ನಡಿಗರ ಮನೆ' ಎಂದು ದೊಡ್ಡದಾಗಿ ಬರೆದುಕೊಡಿ. ಗೇಟಿಗೆ ಕಟ್ಟುತ್ತೇನೆ" ಎಂದರು.

ಮದುವೆಯ ಕರೆಯೋಲೆ, ಅಭಿನಂದನ ಪತ್ರ, ಚರಮಶ್ಲೋಕ ಎಲ್ಲವನ್ನೂ ನಾನು ಬೇಡಿದವರಿಗೆ ಬರೆದುಕೊಟ್ಟವನು. ಈ ಮೂರು ಶಬ್ದಗಳಿಗೆ ಕೈ ಏಳಲಿಲ್ಲ. ನಾಲ್ವತ್ತು ವರ್ಷ ಇಲ್ಲಿ ಬಾಳಿದವರ ವಿಷಯದಲ್ಲಿ ಆ ವಾಕ್ಯ ಸುಳ್ಳೂ ಅಲ್ಲ. ಆದರೆ ಭಯದಿಂದ ಬರೆಸಿಕೊಂಡಾಗ ಅದು ನಿಜವಾಗಿಯೂ ಉಳಿಯುವುದಿಲ್ಲ. ಕೊನೆಗೆ ನನ್ನ ಬಾಗಿಲ ಪಕ್ಕದಲ್ಲಿದ್ದ 'ಕನ್ನಡ ಪಂಡಿತರು' ಎಂಬ ಮರದ ಫಲಕವನ್ನು ಕಳಚಿ ಕೆಳಗಿನ ಗೇಟಿಗೆ ಕಟ್ಟಿದೆ. "ಯಜಮಾನರೇ, ಇದು ಸಾಕು" ಎಂದೆ. ಇಪ್ಪತ್ತು ವರ್ಷದ ಅಧ್ಯಯನ ಒಂದು ರಾತ್ರಿ ಕಾವಲುಗಾರನಾಗಿ ನಿಂತಿತು. ಅದು ನನಗೆ ಹಿತವೆನಿಸಲಿಲ್ಲ. ಬೇರೆ ದಾರಿಯೂ ಕಾಣಲಿಲ್ಲ.

ಸಂಜೆ 16 ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಘೋಷಿಸಿದರು. ರಾಜಾಜಿನಗರ, ವಿಜಯನಗರ, ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯ, ಕೆಂಗೇರಿ ಎಲ್ಲವೂ ಅದರಲ್ಲಿ ಸೇರಿದ್ದವು. ಹೆಗ್ಗನಹಳ್ಳಿಯಲ್ಲಿ ಗೋಲಿಬಾರಿಗೆ ಒಬ್ಬ ಯುವಕ ಬಲಿಯಾದನೆಂಬ ಸುದ್ದಿ ಬಂದಿತು. ನಾನು ಮುದ್ದೆ ತೊಳಸಿ, ಬಸ್ಸಾರಿನ ಪಾತ್ರೆಯೊಡನೆ ಕೆಳಗೆ ಇಳಿದೆ. ಅವರ ಮನೆಯಲ್ಲಿ ಮೋರ್ ಕುಳಂಬು ಮಾಡಿದ್ದರು. ನಮ್ಮ ಮಜ್ಜಿಗೆಹುಳಿಯ ಒಡಹುಟ್ಟು. ದೀಪ ಸಣ್ಣದು ಮಾಡಿ ಉಂಡೆವು. ಗೋಡೆಯ ಮೇಲೆ ಅರುವತ್ತಮೂವರ ಪಟವಿತ್ತು. ಅವರಲ್ಲೊಬ್ಬ ಸುಂದರರ್ ನಮ್ಮ ಹರಿಹರನ ರಗಳೆಯಲ್ಲಿ ನಂಬಿಯಣ್ಣನಾಗಿದ್ದಾನೆ ಎಂದು ಹುಡುಗನಿಗೆ ತೋರಿಸಿದೆ. ಅಜ್ಜ ಆ ಕಥೆಯನ್ನು ತಮ್ಮ ಪಾಠದಲ್ಲಿ ಹೇಳಿದರು, ನಾನು ಹರಿಹರನ ಪಾಠದಲ್ಲಿ ಹೇಳಿದೆ. ಹೊರಗೆ ಪೊಲೀಸ್ ವಾಹನ ಹೋದಾಗಲೆಲ್ಲ ಇಬ್ಬರೂ ಸುಮ್ಮನಾಗುತ್ತಿದ್ದೆವು. ಆ ಮನೆಗೆ ಯಾರೂ ಬರಲಿಲ್ಲ.

ಬುಧವಾರ ಬೆಳಗ್ಗೆ ಕರ್ಫ್ಯೂ ತೆಗೆದರು. ಹಿರಿಯರು ಫಲಕವನ್ನು ಒರೆಸಿ ತಂದು, ತಾವೇ ಮೊಳೆ ಹೊಡೆದು ಮೊದಲಿನ ಸ್ಥಳದಲ್ಲಿ ತೂಗುಹಾಕಿದರು.

ನಮ್ಮ ಶಾಲೆಯಲ್ಲಿ ದಿನಕ್ಕೊಬ್ಬ ವಿದ್ಯಾರ್ಥಿ ಕಪ್ಪುಹಲಗೆಯ ಮೇಲೆ ವಾರ್ತೆ ಬರೆಯುವ ಪದ್ಧತಿ ಉಂಟೆಂಬುದನ್ನು ಹಳೆಯ ವಿದ್ಯಾರ್ಥಿಗಳು ಬಲ್ಲರು. 2018ರ ಫೆಬ್ರವರಿ 16ರಂದು ಕಾವೇರಿಯ ಅಂತಿಮ ತೀರ್ಪು ಬಂದಿತು. ಮರುದಿನ ಆ ಹುಡುಗನ ಸರದಿ. ತಮಿಳುನಾಡು 404.25, ಕರ್ನಾಟಕ 284.75, ಕೇರಳ 30, ಪುದುಚೇರಿ 7, ಪರಿಸರಕ್ಕೆ 10, ಸಮುದ್ರಕ್ಕೆ ಹರಿದುಹೋಗುವುದು 4 ಎಂದು ಒಂದರ ಕೆಳಗೊಂದು ಬರೆದು, ಕೂಡಿ, 740 ಟಿ.ಎಂ.ಸಿ. ಸರಿಯಾಗಿದೆಯೇ ಎಂದು ಎರಡು ಸಲ ನೋಡಿದ. ಕರ್ನಾಟಕದ ಪಾಲಿನೊಳಗೆ ಬೆಂಗಳೂರಿಗೆಂದು ಹೆಚ್ಚಾಗಿ ದೊರೆತ 4.75ನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದ. ಕೈಯ ಪುಡಿ ಕೊಡವಿಕೊಳ್ಳುತ್ತ, "ಗುರುಗಳೇ, ಒತ್ತಕ್ಷರ ಎಲ್ಲ ಸರಿಯಿದೆಯೇ?" ಎಂದು ಕೇಳಿದ. ಎಲ್ಲವೂ ಸರಿಯಿದ್ದವು.